ಬೆಳಗ್ಗೆ ಸಿಟ್ಟು ಬಂತು, ಸೈಟು ಹೋಯಿತು

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ಭಾಷಣಕ್ಕೆ ನಿಲಯದವರು ಕೊಟ್ಟ ವಿಷಯದ ಹೆಸರು ಉದ್ದವಾಗಿದೆ. ವಾಕ್ ಸ್ವಾತಂತ್ರ್ಯದ ಮಿತಿಗಳು ಮತ್ತು ಅಂತರ್ಜಾಲದ ಉಗ್ರವಾದಿ ಗುಂಪುಗಳ ನಿಷೇಧ. ಕಾನೂನು ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುವ ನನಗೇ ಒಂದು ಉಸಿರಿನಲ್ಲಿ ಹೇಳಲು ಕಷ್ಟ. ಸರಳ ಮಾಡಿಕೊಳ್ಳೋಣ. ಇಂಟರ್ನೆಟ್ಟಿನಲ್ಲಿ ಒಂದಷ್ಟು ಜನ ಗುಂಪು ಕಟ್ಟಿಕೊಂಡು, ಇಂಥ ಧರ್ಮದವರನ್ನು, ಇಂಥ ಬಣ್ಣದವರನ್ನು ಮುಗಿಸಬೇಕು ಅಂತ ದಿನಾ ಮಾತಾಡುತ್ತಾರೆ. ಆ ಗುಂಪನ್ನು ಎತ್ತಂಗಡಿ ಮಾಡಬಹುದಾ? ಮಾಡುವುದಾದರೆ ಯಾರು, ಹೇಗೆ?

ಇದನ್ನು ಕೇಳಿದ ತಕ್ಷಣ ಜನ ಎರಡು ಪಾಳಯ ಆಗುತ್ತಾರೆ. ಒಬ್ಬರು, "ಎಲ್ಲಾ ಬ್ಯಾನ್ ಮಾಡಿ ಬಿಸಾಕಿ ಸ್ವಾಮಿ" ಅನ್ನುತ್ತಾರೆ. ಇನ್ನೊಬ್ಬರು, "ಪ್ರಜಾಪ್ರಭುತ್ವದಲ್ಲಿ ಯಾರ ಬಾಯಿಗೂ ಬೀಗ ಹಾಕುವ ಹಾಗಿಲ್ಲ" ಅಂತ ಭಾಷಣ ಶುರು ಮಾಡುತ್ತಾರೆ. ಇಬ್ಬರ ಮಾತನ್ನೂ ಕೇಳಿ ಕೇಳಿ ನನಗೆ ಸಾಕಾಗಿದೆ. ನಾನು ಹೇಳಬೇಕಾಗಿರುವುದು ಒಂದೇ ಮಾತು. ತೆಗೆಯಿರಿ, ಬೇಡ ಅಂದವರು ಯಾರು? ಆದರೆ ಮೊದಲೇ ಬರೆದಿಟ್ಟ ನಿಯಮದ ಪ್ರಕಾರ ತೆಗೆಯಿರಿ, ಕಾರಣ ಹೇಳಿ ತೆಗೆಯಿರಿ. ಸಿಟ್ಟು ಬಂತು ಅಂತ ತೆಗೆಯಬೇಡಿ.

ಸಿಟ್ಟು ಬಂತು ಅಂತ ಯಾರಾದರೂ ತೆಗೆಯುತ್ತಾರಾ? ತೆಗೆದಿದ್ದಾರೆ. ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳದೆ ನಾನು ಯಾವ ವರ್ಷವೂ ಪಾಠ ಮುಗಿಸಿಲ್ಲ.

2017ರ ಆಗಸ್ಟ್. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಶಾರ್ಲಟ್ಸ್‌ವಿಲ್ ಅಂತ ಒಂದು ಊರು. ಬಿಳಿಯರೇ ಶ್ರೇಷ್ಠರು ಅನ್ನುವ ಗುಂಪುಗಳೆಲ್ಲ ಅಲ್ಲಿ ಒಟ್ಟಿಗೆ ಸೇರಿ ಮೆರವಣಿಗೆ ಮಾಡಿದವು. ರಾತ್ರಿ ಪಂಜು ಹಿಡಿದು ನಡೆದವು. ಅವರನ್ನು ವಿರೋಧಿಸುವವರೂ ಬೀದಿಗೆ ಬಂದರು. 12ನೇ ತಾರೀಖು ಮಧ್ಯಾಹ್ನ ಆ ವಿರೋಧಿಗಳ ಗುಂಪಿನ ಮೇಲೆ ಒಬ್ಬ ಬೇಕಂತಲೇ ಕಾರು ನುಗ್ಗಿಸಿದ. ಹಲವರು ಗಾಯಗೊಂಡರು. 32 ವರ್ಷದ ಒಬ್ಬ ಹೆಣ್ಣುಮಗಳು ಸತ್ತಳು.

ಆಗ ಡೇಲಿ ಸ್ಟಾರ್ಮರ್ ಅಂತ ಒಂದು ವೆಬ್‌ಸೈಟ್ ಇತ್ತು. ಇದು ಹಿಟ್ಲರ್ ಭಕ್ತರ ಅಡ್ಡೆ. ಹೆಸರು ಕೂಡ ಹಿಟ್ಲರ್ ಕಾಲದ ಡೆರ್ ಸ್ಟ್ಯೂರ್ಮರ್ ಪತ್ರಿಕೆಯಿಂದ ಎತ್ತಿಕೊಂಡದ್ದು. ಆ ಪತ್ರಿಕೆ ನಡೆಸುತ್ತಿದ್ದ ಯೂಲಿಯುಸ್ ಸ್ಟ್ರೈಖರ್ ತನ್ನ ಕೈಯಾರೆ ಯಾರನ್ನೂ ಕೊಲ್ಲಲಿಲ್ಲ. ಯಹೂದಿಗಳ ಮೇಲೆ ವಿಷ ಕಾರುತ್ತಾ, ಅವರನ್ನು ಮುಗಿಸಿ ಅಂತ ಜನರನ್ನು ಎತ್ತಿಕಟ್ಟಿದ. ಅಷ್ಟಕ್ಕೇ, ಯುದ್ಧ ಮುಗಿದ ಮೇಲೆ ನಾಜಿ ಮುಖಂಡರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿ 1946ರಲ್ಲಿ ಅವನಿಗೆ ಗಲ್ಲು ಹಾಕಿತು. ಮಾತು ಬರೀ ಮಾತು ಅಲ್ವಾ ಅನ್ನುವವರು ಇದನ್ನು ಒಂದು ಸಲ ಯೋಚಿಸಬೇಕು.

ಸರಿ, ಆ ಸೈಟಿನವರು ಮಾಡಿದ್ದೇನು? ಸತ್ತ ಹೆಣ್ಣುಮಗಳನ್ನೇ ಹೀಯಾಳಿಸಿ ಲೇಖನ ಹಾಕಿದರು. ಅವಳ ಮೈಕಟ್ಟನ್ನು ಆಡಿಕೊಂಡರು, ಮಕ್ಕಳಿಲ್ಲದ್ದನ್ನು ಆಡಿಕೊಂಡರು. ಜನರಿಗೆ ರಕ್ತ ಕುದಿಯಿತು.

ಮೊದಲು ಕೈ ಬಿಟ್ಟದ್ದು ಗೋಡ್ಯಾಡಿ ಕಂಪನಿ. ವೆಬ್‌ಸೈಟಿನ ವಿಳಾಸ ನೋಂದಾಯಿಸಿಕೊಡುವ ಕಂಪನಿ ಅದು. 24 ಗಂಟೆ ಗಡುವು ಕೊಟ್ಟು, ಬೇರೆ ಜಾಗ ನೋಡಿಕೊಳ್ಳಿ ಅಂದಿತು. ಅವರು ಗೂಗಲ್ ಬಾಗಿಲಿಗೆ ಹೋದರು. ಗೂಗಲ್ ಕೂಡ ಆ ನೋಂದಣಿಯನ್ನು ರದ್ದು ಮಾಡಿತು. ಉಳಿದದ್ದು ಕ್ಲೌಡ್‌ಫ್ಲೇರ್.

ಈ ಕ್ಲೌಡ್‌ಫ್ಲೇರ್ ಹೆಸರು ನೀವು ಕೇಳಿಲ್ಲದೇ ಇರಬಹುದು. ಆದರೆ ನೀವು ನೋಡುವ ಎಷ್ಟೋ ಸೈಟುಗಳು ಅದರ ಮೂಲಕವೇ ನಿಮ್ಮ ಫೋನಿಗೆ ಬರುತ್ತವೆ. ಆಗದವರು ಲಕ್ಷಾಂತರ ಕಂಪ್ಯೂಟರುಗಳಿಂದ ಒಟ್ಟಿಗೆ ಮುಗಿಬಿದ್ದರೆ ಯಾವ ಸೈಟೂ ಮಲಗಿಬಿಡುತ್ತದೆ. ಆ ಏಟು ಬೀಳದ ಹಾಗೆ ಮುಂದೆ ನಿಂತು ಕಾಯುವುದು ಈ ಕಂಪನಿಯ ಕೆಲಸ. ಡೇಲಿ ಸ್ಟಾರ್ಮರನ್ನು ಮಲಗಿಸಲು ಆಗಲೇ ಎಷ್ಟೋ ಜನ ಕಾಯುತ್ತಿದ್ದರು. ರಕ್ಷಣೆ ತೆಗೆದರೆ ಅದರ ಕಥೆ ಮುಗಿದ ಹಾಗೇ.

ಕ್ಲೌಡ್‌ಫ್ಲೇರ್ ಯಜಮಾನ ಮ್ಯಾಥ್ಯೂ ಪ್ರಿನ್ಸ್. ಈತ ಕಾನೂನು ಓದಿದವರು. ನಾವು ಯಾರ ಮಾತನ್ನೂ ತೂಗಿ ನೋಡುವುದಿಲ್ಲ, ನಮ್ಮದು ಬರೀ ಕಾವಲು ಕೆಲಸ ಅಂತ ಅಲ್ಲಿಯವರೆಗೂ ಹೇಳುತ್ತಾ ಬಂದವರು. ಅಷ್ಟರಲ್ಲಿ ಡೇಲಿ ಸ್ಟಾರ್ಮರ್‌ನವರು ಒಂದು ಎಡವಟ್ಟು ಮಾಡಿಕೊಂಡರು. ಕ್ಲೌಡ್‌ಫ್ಲೇರ್‌ನ ದೊಡ್ಡವರು ಒಳಗೊಳಗೇ ನಮ್ಮ ಕಡೆಯೇ ಅಂತ ಹೇಳಿಕೊಂಡರು. 16ನೇ ತಾರೀಖು ಪ್ರಿನ್ಸ್ ಆ ಸೈಟನ್ನು ಹೊರಗೆ ಹಾಕಿದರು.

ಆಮೇಲೆ ಅವರು ತಮ್ಮ ನೌಕರರಿಗೆ ಒಂದು ಇಮೇಲ್ ಬರೆದರು. ಅದು ಹೊರಗೂ ಬಂತು. ಅದರಲ್ಲಿ ಹೆಚ್ಚುಕಡಿಮೆ ಹೀಗಿತ್ತು: ಬೆಳಗ್ಗೆ ಎದ್ದಾಗ ನನ್ನ ಮೂಡ್ ಸರಿ ಇರಲಿಲ್ಲ, ಇವರನ್ನು ಇಂಟರ್ನೆಟ್ಟಿನಿಂದ ಆಚೆ ಹಾಕೋಣ ಅಂತ ತೀರ್ಮಾನ ಮಾಡಿದೆ. ಮುಂದಿನ ಮಾತು ಇನ್ನೂ ಮುಖ್ಯ. ಇಂಥ ಅಧಿಕಾರ ಯಾರ ಕೈಯಲ್ಲೂ ಇರಬಾರದು ಅಂತ ಅವರೇ ಬರೆದರು. ಕಂಪನಿಯ ಒಬ್ಬ ನೌಕರ, "ಇಂಟರ್ನೆಟ್ ಸಾಯುವ ದಿನ ಇವತ್ತೇನಾ?" ಅಂತ ಕೇಳಿದನಂತೆ. ಅರ್ಧ ತಮಾಷೆಗೆ ಕೇಳಿದ್ದು, ಬರೀ ಅರ್ಧ ಅಂತ ಪ್ರಿನ್ಸೇ ಬರೆದಿದ್ದಾರೆ.

ಇಲ್ಲಿ ನಮ್ಮ ಹುಡುಗರು ಯಾವಾಗಲೂ ಒಂದು ಪ್ರಶ್ನೆ ಎತ್ತುತ್ತಾರೆ. "ಸರ್, ಹೋಗಿದ್ದು ನಾಜಿಗಳ ಸೈಟು. ಯಾರಿಗೆ ಏನು ನಷ್ಟ?" ಆ ಸೈಟಿಗಾಗಿ ನಾನೂ ಒಂದು ಹನಿ ಕಣ್ಣೀರು ಹಾಕುವವನಲ್ಲ. ಆದರೆ ಆಮೇಲೆ ಏನಾಯಿತು ನೋಡಿ. ಕ್ಲೌಡ್‌ಫ್ಲೇರ್‌ನವರೇ 2022ರಲ್ಲಿ ಬರೆದುಕೊಂಡಿದ್ದಾರೆ. ಇಂಥ ಒಂದೆರಡು ಸೈಟುಗಳನ್ನು ಹೊರಗೆ ಹಾಕಿದ ಮೇಲೆ ಸರ್ವಾಧಿಕಾರಿ ಸರ್ಕಾರಗಳ ಒತ್ತಡ ಶುರುವಾಯಿತಂತೆ. ಮಾನವ ಹಕ್ಕುಗಳ ಸಂಸ್ಥೆಗಳಿಗೆ ಕೊಟ್ಟ ರಕ್ಷಣೆಯನ್ನೂ ತೆಗೆಯಿರಿ ಅಂತ. ಕಾರಣವಾಗಿ ಅವರು ಕೊಟ್ಟದ್ದು ಈ ಕಂಪನಿಯದೇ ಹಳೆಯ ಮಾತುಗಳನ್ನು! ನಿಯಮ ಇದ್ದಿದ್ದರೆ ನಿಯಮ ತೋರಿಸಬಹುದಿತ್ತು. ಮೂಡ್ ಅಂದಮೇಲೆ ಏನು ತೋರಿಸುತ್ತೀರಿ?

ಹಾಗಾದರೆ ಖಾಸಗಿ ಕಂಪನಿ ಯಾರನ್ನೂ ಹೊರಗೆ ಹಾಕಬಾರದಾ? ಹಾಕಬಹುದು. ಕಲ್ಯಾಣ ಮಂಟಪದ ಮಾಲೀಕ ಒಂದು ಸಭೆಗೆ ಹಾಲ್ ಕೊಡಲ್ಲ ಅಂದರೆ ಅದು ಅವನ ಹಕ್ಕು. ಊರಿನಲ್ಲಿ ಇನ್ನೂ ನಾಲ್ಕು ಮಂಟಪ ಇರುತ್ತವೆ. ಆದರೆ ಲೈನ್‌ಮನ್ ಕಂಬ ಹತ್ತಿ, ಈ ಸಭೆಯವರ ಮುಖ ನನಗೆ ಹಿಡಿಸಲಿಲ್ಲ ಅಂತ ಕರೆಂಟು ಕಿತ್ತರೆ? ಆಗ ಕೇಳಲೇಬೇಕು, ಯಾವ ನಿಯಮ, ಯಾರ ಆದೇಶ ಅಂತ. ಫೇಸ್‌ಬುಕ್, ಜನ ಗುಂಪು ಕಟ್ಟಿಕೊಂಡು ಹರಟುವ ರೆಡ್ಡಿಟ್ ಥರದ ತಾಣಗಳು ಮಂಟಪ. ಕ್ಲೌಡ್‌ಫ್ಲೇರ್ ಥರದವು ಕರೆಂಟು. ಮಂಟಪದವನಿಗಿಂತ ಲೈನ್‌ಮನ್ ಹತ್ತು ಪಟ್ಟು ಹುಷಾರಾಗಿರಬೇಕು. ನಿಯಮ ಮಾತ್ರ ಇಬ್ಬರಿಗೂ ಬೇಕು.

ಅಮೆರಿಕದಲ್ಲಿ ಇದನ್ನೆಲ್ಲ ಕಂಪನಿಗಳ ತಲೆಗೆ ಕಟ್ಟಿದ್ದಕ್ಕೂ ಒಂದು ಕಾರಣ ಇದೆ. ಅಲ್ಲಿ ಸರ್ಕಾರದ ಕೈ ಕಟ್ಟಿದೆ. 1969ರಲ್ಲಿ ಬ್ರ್ಯಾಂಡನ್‌ಬರ್ಗ್ ಅನ್ನುವ ಕೇಸಿನಲ್ಲಿ, ಕರಿಯರನ್ನು ದ್ವೇಷಿಸುವ ಕೂ ಕ್ಲಕ್ಸ್ ಕ್ಲಾನ್ ಸಂಘಟನೆಯ ಮುಖಂಡನೊಬ್ಬನ ಭಾಷಣದ ಬಗ್ಗೆ ಅಲ್ಲಿನ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ಈಗಿಂದೀಗಲೇ ಅಪರಾಧ ನಡೆಯಲಿ ಅಂತ ಪ್ರಚೋದಿಸಬೇಕು, ಅದು ನಡೆಯುವ ಸಂಭವವೂ ಇರಬೇಕು. ಆಗ ಮಾತ್ರ ಶಿಕ್ಷೆ. ಬರೀ ದ್ವೇಷ ಕಾರಿದರೆ ಸರ್ಕಾರ ಮುಟ್ಟುವ ಹಾಗಿಲ್ಲ. ಜರ್ಮನಿಯಲ್ಲಿ ಇದೇ ಮಾತಿಗೆ ಜೈಲಾಗುತ್ತದೆ. ಅವರು ಹಿಟ್ಲರನನ್ನು ಕಂಡವರು.

ಈಗ ಎರಡನೇ ಘಟನೆ. 8ಚಾನ್ ಅಂತ ಒಂದು ತಾಣ. ಹೆಸರಿಲ್ಲದೆ ಯಾರು ಏನು ಬೇಕಾದರೂ ಬರೆಯಬಹುದಾದ ಜಾಗ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಒಬ್ಬ ಎರಡು ಮಸೀದಿಗಳಿಗೆ ನುಗ್ಗಿ 51 ಜನರನ್ನು ಕೊಂದ. ಹೊರಡುವ ಮುಂಚೆ 8ಚಾನ್‌ನಲ್ಲಿ ಹೇಳಿ ಹೊರಟಿದ್ದ. ಕೊಲೆಯನ್ನು ಫೇಸ್‌ಬುಕ್ಕಿನಲ್ಲಿ ನೇರ ಪ್ರಸಾರ ಮಾಡಿದ. ಆ ವಿಡಿಯೋ ಎಷ್ಟು ಬೇಗ ಹಬ್ಬಿತು ಅಂದರೆ, ಮೊದಲ 24 ಗಂಟೆಯಲ್ಲೇ ಫೇಸ್‌ಬುಕ್ 15 ಲಕ್ಷ ಪ್ರತಿಗಳನ್ನು ತೆಗೆಯಬೇಕಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಪೋವೇಯಲ್ಲಿ ಯಹೂದಿ ಪ್ರಾರ್ಥನಾ ಮಂದಿರದ ಮೇಲೆ ದಾಳಿ. ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ಎಲ್ ಪಾಸೋದಲ್ಲಿ ಒಂದು ಅಂಗಡಿಯಲ್ಲಿ 23 ಜನರ ಕೊಲೆ. ಮೂರರಲ್ಲೂ ಕೊಂದವನ ಬರಹ ಸಿಕ್ಕಿದ್ದು 8ಚಾನ್‌ನಲ್ಲಿ. ಅದನ್ನು ಹುಟ್ಟುಹಾಕಿದ ಫ್ರೆಡ್ರಿಕ್ ಬ್ರೆನನ್ ಅವರೇ ಬಾಗಿಲು ಹಾಕಿ ಅಂತ ಕೇಳಿಕೊಂಡರು. ಮತ್ತೆ ಅದೇ ಕ್ಲೌಡ್‌ಫ್ಲೇರ್, ಮತ್ತೆ ಅದೇ ಪ್ರಿನ್ಸ್. ಕೆಲವೇ ಗಂಟೆ ಮುಂಚೆ ಬಿಡುವುದಿಲ್ಲ ಅಂದವರು ರಾತ್ರಿ ಹೊತ್ತಿಗೆ ಬಿಟ್ಟರು. ಈ ಸಲ ಒಂದಿಷ್ಟು ಕಾರಣ ಬರೆದರು ಅನ್ನೋದೇ ಸಮಾಧಾನ. ತಾಣ ನವೆಂಬರ್‌ನಲ್ಲಿ 8ಕುನ್ ಅಂತ ಬೇರೆ ಹೆಸರಲ್ಲಿ ವಾಪಸ್ ಬಂತು.

"ನೋಡಿದ್ರಾ, ತೆಗೆದರೂ ವಾಪಸ್ ಬರುತ್ತಾರೆ, ಸುಮ್ನೆ ಯಾಕೆ ತೆಗೀಬೇಕು?" ಇದು ನನಗೆ ಅತಿ ಜಾಸ್ತಿ ತಾಳ್ಮೆ ಕೆಡಿಸುವ ವಾದ. ಕಳ್ಳ ಮತ್ತೆ ಕದಿಯುತ್ತಾನೆ ಅಂತ ಹಿಡಿಯದೇ ಬಿಡುತ್ತೀರಾ? ರೆಡ್ಡಿಟ್ 2015ರಲ್ಲಿ ಎರಡು ದ್ವೇಷದ ಗುಂಪುಗಳನ್ನು ಮುಚ್ಚಿತು. ಒಂದು ದಪ್ಪಗಿರುವವರನ್ನು ಹಂಗಿಸುವ ಗುಂಪು, ಇನ್ನೊಂದು ಕರಿಯರ ಮೇಲೆ ವಿಷ ಕಾರುವ ಗುಂಪು. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಕೂತು ಲೆಕ್ಕ ಹಾಕಿದರು. ಆ ಗುಂಪಿನವರಲ್ಲಿ ಹಲವರು ರೆಡ್ಡಿಟ್ಟನ್ನೇ ಬಿಟ್ಟುಹೋದರು. ಉಳಿದವರು ಬಳಸುವ ದ್ವೇಷದ ಮಾತು ಶೇಕಡ 80ಕ್ಕೂ ಹೆಚ್ಚು ಕಡಿಮೆಯಾಯಿತು. ಆಮೇಲೆ ಇನ್ನೊಂದು ಅಧ್ಯಯನ ಬಂತು. ಮುಚ್ಚಿದ ಗುಂಪಿನವರು ತಮ್ಮದೇ ಸೈಟು ಕಟ್ಟಿಕೊಂಡಾಗ ಏನಾಗುತ್ತದೆ ಅಂತ ನೋಡಿದರು. ಜನ ಬಹಳ ಕಡಿಮೆ ಆದರು, ಆದರೆ ಟ್ರಂಪ್ ಬೆಂಬಲಿಗರ ಗುಂಪಿನಲ್ಲಿ ಹಾಗೆ ಹೋದವರು ಇನ್ನೂ ಉಗ್ರರಾದರು. ಅಂದರೆ ಹೊಸಬರು ಬೀಳುವುದು ತಪ್ಪುತ್ತದೆ, ಹಳಬರ ಮೇಲೆ ಪೊಲೀಸರ ಕಣ್ಣು ಇರಬೇಕು. ನನಗೆ ಇದು ಒಳ್ಳೆಯ ವ್ಯಾಪಾರವೇ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಗುತ್ತಾ ಬಂತು. ನಮ್ಮ ದೇಶದ ವಿಷಯ ಬೇಗ ಹೇಳಿಬಿಡುತ್ತೇನೆ.

ನಮ್ಮ ಸಂವಿಧಾನದ 19ನೇ ವಿಧಿ ಮಾತಾಡುವ ಹಕ್ಕು ಕೊಡುತ್ತದೆ. ಅದರಲ್ಲೇ ಎರಡನೇ ಉಪವಿಧಿ ಮಿತಿಗಳ ಪಟ್ಟಿಯನ್ನೂ ಕೊಡುತ್ತದೆ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ, ಹೀಗೆ. ಪಟ್ಟಿಯಲ್ಲಿ ಇಲ್ಲದ ಕಾರಣಕ್ಕೆ ಬಾಯಿ ಮುಚ್ಚಿಸುವಂತಿಲ್ಲ. ಕಿರಿಕಿರಿ ಆಯಿತು ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಕಿರಿಕಿರಿಗೂ ಜೈಲು ಅನ್ನುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಕಿತ್ತುಹಾಕಿತು. ಅದು ಶ್ರೇಯಾ ಸಿಂಘಾಲ್ ಪ್ರಕರಣ. ಚರ್ಚೆ ಮಾಡಬಹುದು, ಪ್ರತಿಪಾದನೆ ಮಾಡಬಹುದು, ಪ್ರಚೋದನೆಯ ಮಟ್ಟಕ್ಕೆ ಮುಟ್ಟಿದಾಗ ಮಾತ್ರ ಕಾನೂನು ಕೈ ಹಾಕಲಿ ಅಂತ ಕೋರ್ಟ್ ಹೇಳಿತು. ಅದೇ ತೀರ್ಪಿನಲ್ಲಿ ಸೈಟು ನಿರ್ಬಂಧಿಸುವ, ಅದೇ ಕಾಯ್ದೆಯ 69ಎ ಕಲಮನ್ನು ಉಳಿಸಿಕೊಂಡಿತು. ಯಾಕೆ ಗೊತ್ತಾ? ಅದರಲ್ಲಿ ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು ಅಂತ ಇದೆ. ನಾನು ಆಗಿನಿಂದ ಬಡಕೊಳ್ಳುತ್ತಿರುವುದೂ ಅದನ್ನೇ. ಬರೆದಿಟ್ಟ ನಿಯಮ, ಬರೆದಿಟ್ಟ ಕಾರಣ. ಕೊರತೆ ಏನೆಂದರೆ, ಆ ಕಾರಣಗಳ ಕಡತವನ್ನು ಗುಟ್ಟಾಗಿ ಇಡಲು ನಿಯಮಗಳಲ್ಲೇ ಅವಕಾಶ ಕೊಟ್ಟಿದ್ದಾರೆ. ಕಾರಣ ಬರೆದು ಬೀರುವಿನಲ್ಲಿ ಇಟ್ಟರೆ ಯಾರಿಗೆ ಉಪಯೋಗ?

ಅವಸರದಲ್ಲಿ ತೆಗೆದರೆ ಏನಾಗುತ್ತದೆ ಅಂತ ಬೆಂಗಳೂರಿನವರಿಗೆ ನೆನಪಿರಬೇಕು. 2012ರ ಆಗಸ್ಟ್‌ನಲ್ಲಿ ಅಸ್ಸಾಮಿನ ಗಲಭೆಯ ಬೆನ್ನಿಗೇ, ಈಶಾನ್ಯದವರ ಮೇಲೆ ಇಲ್ಲೂ ದಾಳಿ ಆಗುತ್ತದೆ ಅಂತ ಸುಳ್ಳು ಸಂದೇಶಗಳು ಹರಿದಾಡಿದವು. ಈಶಾನ್ಯದ ಸಾವಿರಾರು ಹುಡುಗ ಹುಡುಗಿಯರು ಗಂಟುಮೂಟೆ ಕಟ್ಟಿಕೊಂಡು ಸಿಟಿ ರೈಲ್ವೆ ಸ್ಟೇಷನ್ನಿಗೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಸರ್ಕಾರ ಕೈ ಕಟ್ಟಿ ಕೂರುವ ಹೊತ್ತಲ್ಲ ಅದು, ಒಪ್ಪುತ್ತೇನೆ. ಎಸ್ಸೆಮ್ಮೆಸ್‌ಗಳನ್ನು ದಿನಕ್ಕೆ ಐದಕ್ಕೆ ಇಳಿಸಿದರು, ಮುನ್ನೂರಕ್ಕೂ ಹೆಚ್ಚು ಪುಟ, ಖಾತೆಗಳನ್ನು ನಿರ್ಬಂಧಿಸಿದರು. ಆ ಪಟ್ಟಿಯನ್ನು ಬೆಂಗಳೂರಿನದೇ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯವರು ಒಂದೊಂದಾಗಿ ನೋಡಿದರು. ವದಂತಿ ಸುಳ್ಳು ಅಂತ ಬಯಲು ಮಾಡಿದ ಬರಹಗಳೂ ಅದರಲ್ಲಿ ಸೇರಿಹೋಗಿದ್ದವು!

ನಿಮ್ಮದೇ ಪೋಸ್ಟು ಹೋದರೆ ಏನು ಮಾಡಬೇಕು ಅಂತ ಹೇಳದಿದ್ದರೆ ಈ ಭಾಷಣಕ್ಕೆ ಬಂದು ಪ್ರಯೋಜನವಿಲ್ಲ. ಪ್ರತಿ ದೊಡ್ಡ ಜಾಲತಾಣವೂ ಭಾರತದಲ್ಲಿ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ಇಟ್ಟಿರಲೇಬೇಕು. ಮೊದಲು ಅವರಿಗೆ ದೂರು ಬರೆಯಿರಿ, ಯಾವ ನಿಯಮದ ಪ್ರಕಾರ ತೆಗೆದಿರಿ ಅಂತ ನೇರವಾಗಿ ಕೇಳಿ. ಅವರ ಉತ್ತರ ಸರಿ ಅನ್ನಿಸದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು, ವಕೀಲರು ಬೇಕಾಗಿಲ್ಲ. ನಿಮ್ಮ ಪೋಸ್ಟಿನ ಸ್ಕ್ರೀನ್‌ಶಾಟ್ ಮತ್ತು ಅಧಿಕಾರಿಯ ಉತ್ತರ ಎರಡನ್ನೂ ಜೋಪಾನವಾಗಿ ಇಟ್ಟುಕೊಂಡಿರಿ. ಅರ್ಜಿಯ ಜೊತೆ ಬೇಕಾಗುತ್ತವೆ. ನಮಸ್ಕಾರ.