ಕಯಾಕ್ ಹತ್ತುವ ಮೊದಲು ಕ್ಯಾಲೆಂಡರ್ ನೋಡಿ

ಬೆಳಗ್ಗೆ 7 ಗಂಟೆ. ಉಡುಪಿ ಹತ್ತಿರದ ಕೆಮ್ಮಣ್ಣು ತೂಗು ಸೇತುವೆ. ಕೆಳಗೆ ಹರಿಯುತ್ತಿರುವುದು ಸುವರ್ಣಾ ನದಿ, ಎದುರಿಗೆ ಕಾಣುವುದು ತಿಮ್ಮಣ್ಣಕುದ್ರು. ಹೊಳೆ ನಡುವಿನ ನೆಲಕ್ಕೆ ಇಲ್ಲಿ ಕುದ್ರು ಅನ್ನುತ್ತಾರೆ. ಹೊನ್ನಾವರದ ಕಡೆ ಹೋದರೆ ಅದೇ ಕುರ್ವೆ. ನೀರು ನೋಡಿ, ಕನ್ನಡಿ ಹಾಗೆ ಮಲಗಿದೆ. ದಡದ ತೆಂಗಿನ ಮರ ತಲೆಕೆಳಗಾಗಿ ಪೂರ್ತಿ ಕಾಣುತ್ತಿದೆ, ಒಂದು ಗರಿಯೂ ಅಲುಗುತ್ತಿಲ್ಲ.

ಇಂಥ ನೀರು ಕಂಡರೆ ಯಾರಿಗಾದರೂ ಈಗಲೇ ಇಳಿಯೋಣ ಅನ್ನಿಸುತ್ತದೆ. ಡಿಸೆಂಬರ್‌ನಲ್ಲಿ ನಾನು ಮಾಡಿದ್ದೂ ಅದನ್ನೇ. ಅವತ್ತು ಏನಾಯಿತು ಅಂತ ಮೊದಲು ಹೇಳುತ್ತೇನೆ. ಇವತ್ತಿನ ಪ್ಲಾನ್ ಹುಟ್ಟಿದ್ದೇ ಆ ದಿನದಿಂದ.

ಅವತ್ತು ನಾನು ಮತ್ತು ಒಬ್ಬ ಗೆಳೆಯ ಕಯಾಕ್‌ನಲ್ಲಿ, ಅಂದರೆ ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕುವ ಕಿರಿದಾದ ಸಣ್ಣ ದೋಣಿಯಲ್ಲಿ, ಕೋಡಿ ಬೆಂಗ್ರೆ ಕಡೆಯಿಂದ ಹೊರಟಿದ್ದೆವು. ಸೀತಾ ಮತ್ತು ಸುವರ್ಣಾ ಸೇರಿ ಸಮುದ್ರಕ್ಕೆ ಬೀಳುವ ಜಾಗ ಅದು. ನದಿ ಕಡಲಿಗೆ ಸೇರುವ ಬಾಗಿಲಿಗೆ ನಾವು ಅಳಿವೆ ಅನ್ನುತ್ತೇವೆ. ಅಳಿವೆಯಿಂದ ಸಾಕಷ್ಟು ಒಳಗೆ ಇಳಿದು ತೆಂಕು ಮುಖ ಮಾಡಿದೆವು. ಅಮಾವಾಸ್ಯೆ ಕಳೆದು ಎರಡನೇ ದಿನ. ಬೆಳಗ್ಗೆ 6ರ ಸುಮಾರಿಗೆ ಇಳಿತ ಮುಗಿದು, ಉಬ್ಬರದ ನೀರು ಹೊಳೆಯೊಳಗೆ ನುಗ್ಗುತ್ತಿತ್ತು. ಹುಟ್ಟು ಸುಮ್ನೆ ನೀರಿಗೆ ತಾಗಿಸಿದರೂ ಕಯಾಕ್ ಓಡುತ್ತಿತ್ತು. ಎಷ್ಟು ಸಲೀಸು ಅಂದರೆ, ಅಂದುಕೊಂಡದ್ದಕ್ಕಿಂತ ಎರಡು ಪಟ್ಟು ದೂರ ಹೋಗಿಬಿಟ್ಟೆವು.

ವಾಪಸ್ ಹೊರಟಾಗ ಗಂಟೆ 1. ಉಬ್ಬರ ಮುಗಿದು ನೀರು ಕಡಲಿನತ್ತ ಇಳಿಯಲು ಶುರುವಾಗಿತ್ತು. ನೀರು ನಮ್ಮ ದಿಕ್ಕಿಗೇ ಹೋಗುತ್ತಿದೆ, ಇನ್ನೇನು ಬೇಕು ಅಂದುಕೊಂಡೆವು. ಆದರೆ ಅಷ್ಟು ಹೊತ್ತಿಗೆ ಕಡಲ ಗಾಳಿ ಎದ್ದಿತ್ತು, ಅದೂ ನೇರ ಮುಖಕ್ಕೆ. ನೀರು ಒಂದು ಕಡೆ, ಗಾಳಿ ಅದಕ್ಕೆ ಎದುರು. ಹಾಗಾದಾಗ ಹೊಳೆಯ ಮೇಲೆ ಗಿಡ್ಡ ಗಿಡ್ಡ ಅಲೆಗಳು ಒತ್ತೊತ್ತಾಗಿ ಏಳುತ್ತವೆ. ಪ್ರತಿ ಅಲೆಯೂ ಕಯಾಕಿನ ಮೂತಿಗೆ ಹೊಡೆದು ತಡೆಯುತ್ತದೆ. ಒಂದು ನಿಮಿಷ ಹುಟ್ಟು ನಿಲ್ಲಿಸಿದರೆ ಗಾಳಿ ನಮ್ಮನ್ನು ಅಡ್ಡ ತಿರುಗಿಸುತ್ತಿತ್ತು. ಬೆಳಗ್ಗೆ ಒಂದೂವರೆ ಗಂಟೆಯಲ್ಲಿ ಹೋದ ದಾರಿಗೆ ವಾಪಸ್ ಬರಲು ನಾಲ್ಕು ಗಂಟೆ ಬೇಕಾಯಿತು. ಗೆಳೆಯನ ಅಂಗೈ ಬೊಬ್ಬೆ ಬಂದು ಒಡೆದಿತ್ತು. ಕುಡಿಯುವ ನೀರು 3 ಗಂಟೆಗೇ ಮುಗಿದಿತ್ತು.

ದೋಣಿ ನಿಲ್ಲುವ ಕಡವಿನಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಅಜ್ಜ ಒಬ್ಬರು ನಮ್ಮನ್ನು ನೋಡಿ ಹೇಳಿದ್ದು ಇಷ್ಟೇ. "ನೀರು ಮಾತ್ರ ನೋಡಿದ್ದಾ ನೀವು? ಗಾಳಿ ನೋಡ್ಲಿಕ್ಕಿಲ್ವಾ ಮಾರಾಯ್ರೆ? ಅಷ್ಟಮಿ ಹೊತ್ತಿಗೆ ಬನ್ನಿ, ಮೇಲಿಂದ ಇಳಿದು ಬನ್ನಿ."

ಆ ಮಾತು ಮನೆಗೆ ತಂದು, ಕಾಗದ ಪೆನ್ನು ಹಿಡಿದು ಕೂತೆ. ಅಜ್ಜ ಎರಡು ಸಾಲಿನಲ್ಲಿ ಹೇಳಿದ್ದು ಅರ್ಥವಾಗಲು ನನಗೆ ಒಂದು ಸಂಜೆ ಬೇಕಾಯಿತು.

ಲೆಕ್ಕ ಹೀಗಿದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ 6 ಗಂಟೆ. ಚಂದ್ರನ ಹಿಂದೆ ಹೋಗುವ ಲೆಕ್ಕ ಆದ್ದರಿಂದ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಸೂರ್ಯ ಚಂದ್ರ ಒಂದೇ ಗೆರೆಯಲ್ಲಿ ಎಳೆಯುವುದರಿಂದ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ, ಹರಿವೂ ಜೋರು. ಅಷ್ಟಮಿ ಹೊತ್ತಿಗೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತಾರೆ. ಆಗ ಏರಿಳಿತ ಕಡಿಮೆ, ಹರಿವು ಮೆತ್ತಗೆ. ಹೊಸಬರಿಗೆ, ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಿನ ಇಲ್ಲ.

ಇನ್ನು ಗಾಳಿ. ಮಳೆಗಾಲ ಕಳೆದ ಮೇಲೆ, ಚಳಿಗಾಲದ ದಿನಗಳಲ್ಲಿ ಅದರ ನಡೆ ಹೆಚ್ಚುಕಡಿಮೆ ಒಂದೇ ಥರ. ರಾತ್ರಿ ನೆಲ ಬೇಗ ತಣಿಯುತ್ತದೆ, ಬೆಳಗಿನ ಜಾವ ಘಟ್ಟದ ಕಡೆಯಿಂದ ಕಡಲಿಗೆ ಮೆಲ್ಲನೆ ಗಾಳಿ. ಬಿಸಿಲೇರಿದ ಹಾಗೆ ನೆಲ ಕಾದು, ಮಧ್ಯಾಹ್ನದ ಹೊತ್ತಿಗೆ ಗಾಳಿ ಕಡಲಿನಿಂದ ಒಳಗೆ ಬೀಸುತ್ತದೆ. ಅಂದರೆ ಬೆಳಗ್ಗೆ ಅಳಿವೆ ಕಡೆ ಹೋಗುವುದು ಸುಲಭ, ಮಧ್ಯಾಹ್ನ ಒಳಗೆ ಬರುವುದು ಸುಲಭ. ಈ ಗಾಳಿಯ ಜೊತೆ ನೀರನ್ನೂ ಹೊಂದಿಸಿಕೊಂಡರೆ ಮುಗಿಯಿತು. ಬೆಳಗ್ಗೆ ಇಳಿತ, ಮಧ್ಯಾಹ್ನ ಉಬ್ಬರ ಇರುವ ದಿನ ಬೇಕು. ಅಂಥ ದಿನ ಸಿಗುವುದು ಅಷ್ಟಮಿ, ನವಮಿಯ ಹೊತ್ತಿಗೇ! ಹೋಗುವಾಗ ನೀರು ಗಾಳಿ ಎರಡೂ ನಮ್ಮ ಕಡೆ, ಬರುವಾಗಲೂ ಎರಡೂ ನಮ್ಮ ಕಡೆ. ಅಜ್ಜನ ಮಾತಿನಲ್ಲಿ ಇಷ್ಟೆಲ್ಲ ಇತ್ತು.

ಹಾಗಾಗಿ ಇವತ್ತು ನವಮಿ. ಮನೆಯ ಗೋಡೆ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿ ಮೊದಲು ವಾರ ಹುಡುಕಿದೆ. ಆಮೇಲೆ ಸರಿಯಾದ ಹೊತ್ತು ನೋಡಿದೆ. ಡೆಹ್ರಾಡೂನ್‌ನಲ್ಲಿರುವ ಸರ್ವೇ ಆಫ್ ಇಂಡಿಯಾ ಪ್ರತಿ ವರ್ಷ ಉಬ್ಬರ-ಇಳಿತದ ಪಟ್ಟಿ ಹೊರತರುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆ, ಗಾಳಿಯ ಮುನ್ಸೂಚನೆ ಕೊಡುತ್ತದೆ. ಇವತ್ತಿನ ಲೆಕ್ಕದಲ್ಲಿ ಸಮುದ್ರದ ಬಾಯಲ್ಲಿ ಇಳಿತ ಮುಗಿಯುವುದು 12ರ ಸುಮಾರಿಗೆ. ಒಂದು ವಿಷಯ ಮರೆಯಬೇಡಿ. ಪಟ್ಟಿಯಲ್ಲಿರುವುದು ಕಡಲ ದಡದ ಹೊತ್ತು. ಹೊಳೆಯೊಳಗೆ ಬಂದಷ್ಟೂ ಅದು ತಡ. ಎಷ್ಟು ತಡ ಅಂತ ಆ ಕಡವಿನ ಜನರನ್ನೇ ಕೇಳಿ. ಇಲ್ಲಿ ಮುಕ್ಕಾಲು ಗಂಟೆ ಅಂದರು, ನಾನು ಹಾಗೇ ಬರೆದುಕೊಂಡಿದ್ದೇನೆ.

ಹರಿವು ಆರೂ ಗಂಟೆ ಒಂದೇ ಸಮ ಇರುವುದಿಲ್ಲ. ಇಳಿಯುವ ನೀರನ್ನೆಲ್ಲ 12 ಪಾಲು ಮಾಡಿ ಅಂದುಕೊಳ್ಳಿ. ಮೊದಲ ಗಂಟೆಯಲ್ಲಿ ಹೋಗುವುದು 1 ಪಾಲು, ಎರಡನೇ ಗಂಟೆ 2, ಮೂರು ನಾಲ್ಕನೇ ಗಂಟೆಗಳಲ್ಲಿ 3 ಮತ್ತು 3, ಮತ್ತೆ 2, ಕೊನೆಗೆ 1. ಅಂದರೆ ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಹೋಗುತ್ತದೆ. ಸೇತುವೆ ಕಂಬದ ಹತ್ತಿರ, ಇಕ್ಕಟ್ಟಿನ ಜಾಗದಲ್ಲಿ ಆ ಹೊತ್ತಿಗೆ ಇರಬೇಡಿ.

ಈಗ ನಾನು ಸೇತುವೆ ಮೇಲಿಂದ ಒಣ ಎಲೆ ಬಿಡುತ್ತಿದ್ದೇನೆ ನೋಡಿ. ಅಳೆಯುವ ರೀತಿ ಇದು. 10 ಎಣಿಸುವಷ್ಟರಲ್ಲಿ ಎಲೆ ಸುಮಾರು 3 ಮೀಟರ್ ಹೋಯಿತು. 10 ಸೆಕೆಂಡಿಗೆ 3 ಮೀಟರ್ ಅಂದರೆ ಗಂಟೆಗೆ 1 ಕಿಲೋಮೀಟರ್ ಚಿಲ್ಲರೆ. ಆರಾಮವಾಗಿ ಹುಟ್ಟು ಹಾಕುವವರು ನಿಂತ ನೀರಿನಲ್ಲಿ ಗಂಟೆಗೆ 4 ಕಿಲೋಮೀಟರ್ ಹೋಗಬಹುದು. ಹರಿವು 1 ಇದ್ದರೆ ಎದುರು ಬಂದರೂ 3 ಉಳಿಯುತ್ತದೆ. ಹರಿವು 2 ಆದರೆ ಉಳಿಯುವುದು ಬರೀ 2, ಸಮಯ ದುಪ್ಪಟ್ಟು. ಎಲೆ 10 ಎಣಿಕೆಗೆ 5 ಮೀಟರ್ ದಾಟಿದರೆ ನಾನು ಮಕ್ಕಳನ್ನು ಕರೆದುಕೊಂಡು ಇಳಿಯುವುದಿಲ್ಲ.

ಇವತ್ತು ಜೊತೆಗಿರುವುದು ನನ್ನ ಅಕ್ಕ, ಅವಳ ಮಗ. ಅಕ್ಕನಿಗೆ ಈಜು ಬರುವುದಿಲ್ಲ. ಅದಕ್ಕೇ ಮೇಲೆ ಕೂರುವ ಥರದ, ಇಬ್ಬರ ಕಯಾಕ್ ಬಾಡಿಗೆಗೆ ತಂದಿದ್ದೇವೆ, ಜೊತೆಗೆ ಊರಿನವರೇ ಒಬ್ಬರು ಇನ್ನೊಂದರಲ್ಲಿ ಬರುತ್ತಾರೆ. ಕನೂ ಬೇರೆ, ಅದು ನಮ್ಮ ದೋಣಿ ಹಾಗೆ ಬಾಯಿ ತೆರೆದದ್ದು, ಹುಟ್ಟಿಗೆ ಒಂದೇ ಅಲಗು. ಸಾಮಾನು ಜಾಸ್ತಿ ಹಿಡಿಸುತ್ತದೆ, ಗಾಳಿಯೂ ಜಾಸ್ತಿ ಹಿಡಿಯುತ್ತದೆ. ಬಯಲು ಹೊಳೆಗೆ ನನ್ನ ಆಯ್ಕೆ ಕಯಾಕೇ.

ಲೈಫ್ ಜಾಕೆಟ್ ಹಾಕಿದ ಮೇಲೆ ಹೆಗಲ ಪಟ್ಟಿ ಎರಡೂ ಹಿಡಿದು ಮೇಲಕ್ಕೆ ಎತ್ತಿ. ಅದು ಕಿವಿವರೆಗೆ ಬಂದರೆ ಸಡಿಲ. ನೀರಿಗೆ ಬಿದ್ದಾಗಲೂ ಹಾಗೇ ಮೇಲೆ ಹೋಗಿ ಮುಖ ಮುಚ್ಚುತ್ತದೆ. ಅಕ್ಕನದು ಮೂರು ಸಲ ಬಿಗಿದೆ. ಆಮೇಲೆ ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಕಯಾಕ್ ಮಗುಚಿ ಹಾಕಿದೆವು. ಹೀಗೆ ಮಾಡಬೇಕು ಅಂದಾಗ ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಆಚೆ ಅಂಚು ಹಿಡಿ, ಕಾಲು ಬಡಿ, ಹೊಟ್ಟೆ ಮೇಲೆ ಹತ್ತು, ತಿರುಗಿ ಕೂರು. ಎರಡನೇ ಸಲಕ್ಕೆ ಹತ್ತಿದಳು. ಹತ್ತಿ ಕೂತು ಮೂಗಿನ ನೀರು ಒರೆಸಿಕೊಂಡು, "ಇನ್ನೊಂದು ಸಲ ಮಾಡುವಾ" ಅಂದಳು. ಆ ಮುಖ ಕ್ಯಾಮೆರಾದಲ್ಲಿ ಸಿಕ್ಕಿದ್ದು ನನ್ನ ಪುಣ್ಯ.

8 ಗಂಟೆಗೆ ಹೊರಟೆವು. ಎಡಕ್ಕೆ ಕಾಂಡ್ಲಾ ಗಿಡಗಳು, ಅಂದರೆ ಮ್ಯಾಂಗ್ರೋವ್. ಬೇರುಗಳು ಕಮಾನಿನ ಹಾಗೆ ನೀರಿಗೆ ಇಳಿದಿವೆ. ತುಂಬಾ ಹತ್ತಿರ ಹೋಗಬೇಡಿ, ಬೇರಿಗೆ ಅಂಟಿದ ಚಿಪ್ಪುಗಳು ಬ್ಲೇಡಿನಷ್ಟು ಚೂಪು. ಅಲ್ಲೊಂದು ಮಿಂಚುಳ್ಳಿ, ನೀಲಿ ಗೆರೆ ಎಳೆದ ಹಾಗೆ ಹೋಯಿತು. ನೀರಿನಲ್ಲಿ ಸಾಲಾಗಿ ಗೂಟ ಕಂಡರೆ ಬಲೆ ಇದೆ ಅಂತ ಅರ್ಥ, ಸುತ್ತಿ ಹೋಗಿ. ಬಲೆ ಅವರ ಅನ್ನ.

ಇಲ್ಲಿಂದ ಮುಂದೆ ಹೊಳೆ ಬಡಗು ದಿಕ್ಕಿಗೆ ತಿರುಗುತ್ತದೆ. ಎಡಗಡೆ ಕಿರಿದಾದ ನೆಲದ ಪಟ್ಟಿ, ಅದರಾಚೆ ಕಡಲು. ಹುಟ್ಟು ನಿಲ್ಲಿಸಿದರೆ ತೆರೆಯ ಸದ್ದು ಕೇಳುತ್ತದೆ. ಒಂದು ಕಡೆ ಮೊರೆತ, ಕಯಾಕಿನ ಕೆಳಗೆ ಸದ್ದೇ ಇಲ್ಲದ ನೀರು. ನಾನು ಈ ಜಾಗಕ್ಕಾಗಿಯೇ ಮತ್ತೆ ಬಂದಿದ್ದೇನೆ.

ಇಳಿತ ಆದ ಹಾಗೆ ದಂಡೆ ತೆರೆದುಕೊಂಡಿತು. ಮೊಣಕಾಲು ನೀರಿನಲ್ಲಿ ಹೆಂಗಸರು ಮರುವಾಯಿ, ಅಂದರೆ ಚಿಪ್ಪುಮೀನು ಹೆಕ್ಕುತ್ತಿದ್ದರು. ಅವರು ನಿಂತ ಕಡೆ ಆಳ ಇಲ್ಲ, ಕಯಾಕ್ ಕೆಸರಿಗೆ ಕೂರುತ್ತದೆ. ತಿರುವಿನಲ್ಲಿ ಹೊರಗಿನ ದಡ ಹಿಡಿಯಿರಿ, ಆಳ ಸಾಮಾನ್ಯವಾಗಿ ಅಲ್ಲೇ. ಅಳಿವೆ ಇನ್ನೂ ದೂರ ಇರುವಾಗಲೇ ನಾವು ನಿಂತೆವು. ಇಳಿತದಲ್ಲಿ ಅಳಿವೆ ಹತ್ತಿರ ಹೋದರೆ ನೀರು ಹೊರಗೆ ಎಳೆಯುತ್ತದೆ, ಅದು ಕಯಾಕ್ ಕಲಿಯುವ ಜಾಗ ಅಲ್ಲ. ಮೇಲಕ್ಕೆ ಹೋಗುವವರಿಗೂ ಒಂದು ಮಾತು. ಮಳೆ ಕಳೆದ ಮೇಲೆ ಇಲ್ಲಿನ ಹೊಳೆಗಳ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುತ್ತಾರೆ. ಹಲಗೆ ಮೇಲಿಂದ ಬೀಳುವ ನೀರು ಬುಡದಲ್ಲೇ ಸುತ್ತುತ್ತಿರುತ್ತದೆ, ಸಿಕ್ಕವರನ್ನು ಬಿಡುವುದಿಲ್ಲ. ದೂರದಿಂದಲೇ ತಿರುಗಿ.

ಘಟ್ಟದ ಮೇಲೆ ಉಬ್ಬರ-ಇಳಿತ ಇಲ್ಲ, ಅಲ್ಲಿ ಕೇಳಬೇಕಾದದ್ದು ಅಣೆಕಟ್ಟೆಯ ಸುದ್ದಿ. ಕಾಳಿ ನದಿಯಲ್ಲಿ ಸೂಪಾದಿಂದ ನೀರು ಬಿಟ್ಟರೆ ಗಣೇಶಗುಡಿಯ ಕೆಳಗೆ ಹೊಳೆಯೇ ಬೇರೆ. ದಾಂಡೇಲಿ ಹತ್ತಿರ ಮೊಸಳೆಗಳೂ ಇವೆ. ಅಲ್ಲಿನವರಿಲ್ಲದೆ ಇಳಿಯಲೇಬೇಡಿ. ಇನ್ನು ಜೂನ್‌ನಿಂದ ಸೆಪ್ಟೆಂಬರ್, ಎಲ್ಲಿಯೂ ಬೇಡ.

ಊಟಕ್ಕೆ ಕೊಟ್ಟೆ ಕಡುಬು. ಹಲಸಿನ ಎಲೆಯಲ್ಲಿ ಬೆಂದದ್ದು, ಡಬ್ಬಿ ಇಲ್ಲದೆಯೂ ಬರುತ್ತದೆ. ನೀರು ಒಬ್ಬರಿಗೆ 3 ಲೀಟರ್, ಈ ಸಲ ಉಳಿಯಿತು. 12.30ಕ್ಕೆ ಒಂದು ಎಲೆ ನೀರಿಗೆ ಬಿಟ್ಟೆ. ಅದು ಎತ್ತಲೂ ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತಲ್ಲೇ ತಿರುಗಿತು. ಆಮೇಲೆ ಮೆಲ್ಲನೆ, ಬಂದ ದಾರಿಯತ್ತ ಹೊರಟಿತು. "ಮಾವಾ, ಎಲೆ ವಾಪಸ್ ಹೋಗ್ತಾ ಉಂಟು!" ಅಂತ ಅಕ್ಕನ ಮಗ ಕೂಗಿದ.

ನಾವೂ ಹೊರಟೆವು. ಗಾಳಿ ಎದ್ದಿತ್ತು, ಅದೇ ಡಿಸೆಂಬರ್‌ನ ಗಾಳಿ. ಈ ಸಲ ಬೆನ್ನಿಗೆ. ಅಕ್ಕ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟು ಸುಮ್ಮನೆ ಕೂತಳು. ಆದರೂ ಕಯಾಕ್ ಸಾಗುತ್ತಲೇ ಇತ್ತು.

ಜಿಪಿಎಸ್ ಪ್ರಕಾರ ಒಟ್ಟು ಎಂಟೂವರೆ ಕಿಲೋಮೀಟರ್. ಹೊರಡುವ ಮೊದಲು ಭಾವನಿಗೆ ಹೇಳಿದ್ದೆ, 3 ಗಂಟೆಗೆ ಫೋನ್ ಬರದಿದ್ದರೆ ಕಡವಿನವರಿಗೆ ತಿಳಿಸಿ, ಇಂಥ ದಾರಿ, ಇಷ್ಟು ಜನ ಅಂತ. ಸೇತುವೆ ಕೆಳಗೆ ಬಂದಾಗ 2.20. ಕೈ ಒರೆಸಿಕೊಂಡು ಫೋನ್ ಮಾಡಿದೆ. "ಬಂದೆವು ಭಾವ."