ದರಪಟ್ಟಿಗೆ ವಯಸ್ಸಾದರೆ

ಎಲ್ಲರಿಗೂ ನಮಸ್ಕಾರ.

ನಾನು ಡಾಕ್ಟರಲ್ಲ. ತಾಲ್ಲೂಕು ಊರಿನ ನರ್ಸಿಂಗ್ ಹೋಮೊಂದರಲ್ಲಿ ಬಿಲ್ಲಿಂಗ್, ಕ್ಲೇಮು ನೋಡಿಕೊಳ್ಳುತ್ತಿದ್ದವನು. ಕಾಯಿಲೆ ಬಗ್ಗೆ ನನ್ನನ್ನು ಕೇಳಬೇಡಿ, ಕಾಸಿನ ಬಗ್ಗೆ ಕೇಳಿ. ಸರ್ಕಾರ ಆಸ್ಪತ್ರೆಗಳಿಗೆ ಎಷ್ಟು ಹಣ ಕಟ್ಟಿಕೊಡಬೇಕು ಅನ್ನುವುದು ಆಸ್ಪತ್ರೆಯವರ ತಲೆನೋವು ಅಂತ ಎಲ್ಲರೂ ತಿಳಿದಿದ್ದಾರೆ. ಕೌಂಟರಿನ ಈಚೆ ಕೂತು ನೋಡಿದವನಿಗೆ ಹಾಗೆ ಅನ್ನಿಸುವುದಿಲ್ಲ.

2018ರಲ್ಲಿ ಆಯುಷ್ಮಾನ್ ಭಾರತ್ ಬಂತು, ಬಡ ಕುಟುಂಬಗಳಿಗೆ ಕಾರ್ಡಿನ ಮೇಲೆ ಉಚಿತ ಚಿಕಿತ್ಸೆ, ಆಸ್ಪತ್ರೆಗೆ ಹಣ ಸರ್ಕಾರದ್ದು. ಅದರ ರಾಷ್ಟ್ರೀಯ ದರಪಟ್ಟಿಯಲ್ಲಿ ಸಿಸೇರಿಯನ್‌ಗೆ 9,000 ರೂಪಾಯಿ ಪ್ಯಾಕೇಜ್ ಅಂತಿತ್ತು. ಪ್ಯಾಕೇಜ್ ಅಂದರೆ ಗೊತ್ತಲ್ವಾ? ಬಿಡಿಬಿಡಿಯಾಗಿ ಬಿಲ್ ಹಾಕುವ ಹಾಗಿಲ್ಲ. ಅಡ್ಮಿಟ್ ಆಗುವ ಮೂರು ದಿನ ಮುಂಚಿನ ಪರೀಕ್ಷೆಯಿಂದ ಹಿಡಿದು, ಮನೆಗೆ ಹೋದ ಮೇಲಿನ ಹದಿನೈದು ದಿನದ ಔಷಧಿಯವರೆಗೆ ಎಲ್ಲಾ ಅದರೊಳಗೇ. ನಾನು ಸುಮ್ನೆ ಕೂತು ಒಂದು ಹಾಳೆಯಲ್ಲಿ ಲೆಕ್ಕ ಬರೆದೆ. ಸರ್ಜನ್, ಅರಿವಳಿಕೆ ಡಾಕ್ಟರು, ಮಗು ನೋಡುವ ಡಾಕ್ಟರು, ಥಿಯೇಟರ್ ನರ್ಸು, ಹೊಲಿಗೆ ದಾರ, ಗ್ಲೂಕೋಸು, ಐದು ದಿನದ ಬೆಡ್ಡು. ಕರೆಂಟು ಹೋದರೆ ಜನರೇಟರಿಗೆ ಡೀಸೆಲ್ಲು. ಡೀಸೆಲ್ಲಿನ ಸಾಲಿಗೆ ಬರುವ ಮುಂಚೆಯೇ 9,000 ಮುಗಿದಿತ್ತು.

ಇದರಲ್ಲಿ ಅರಿವಳಿಕೆ ಡಾಕ್ಟರನ್ನು ಮಾತ್ರ ನೆನಪಿಟ್ಟುಕೊಳ್ಳಿ. ನಮ್ಮೂರಿನಲ್ಲಿ ಅವರಿಲ್ಲ. ಜಿಲ್ಲಾ ಕೇಂದ್ರದಿಂದ ಕಾರಿನಲ್ಲಿ ಬರಬೇಕು. ಕೆಲಸ ಮುಗಿದ ಕೂಡಲೇ ಫೀಸು ಕೈಗೆ ಕೊಡಬೇಕು. "ಸರ್ಕಾರದ ದುಡ್ಡು ಬಂದ ಮೇಲೆ ಕೊಡ್ತೀವಿ ಸರ್" ಅಂದರೆ ಮುಂದಿನ ಸಲ ಫೋನೇ ಎತ್ತುವುದಿಲ್ಲ.

ಈಗ ಐಸಿಯುಗೆ ಬರೋಣ. ಅದೇ ರಾಷ್ಟ್ರೀಯ ಪಟ್ಟಿಯಲ್ಲಿ ವೆಂಟಿಲೇಟರ್ ಇರುವ ಐಸಿಯುಗೆ ದಿನಕ್ಕೆ 4,500 ರೂಪಾಯಿ, ಇಲ್ಲದ್ದಕ್ಕೆ 3,600 ಇತ್ತು. 2020ರ ಜೂನ್‌ನಲ್ಲಿ ಕೋವಿಡ್ ಬಂದು ಕುತ್ತಿಗೆಗೆ ಕೂತಾಗ ಕರ್ನಾಟಕ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ತಾನು ಕಳಿಸುವ ರೋಗಿಗಳಿಗಾಗಿ ದರ ಗೊತ್ತುಮಾಡಿತು. ವೆಂಟಿಲೇಟರ್ ಐಸಿಯುಗೆ ದಿನಕ್ಕೆ 10,000! ಕೋವಿಡ್‌ಗೆ ಪಿಪಿಇ ಕಿಟ್ಟು ಅದು ಇದು ಖರ್ಚು ಜಾಸ್ತಿ, ಒಪ್ಪೋಣ. ಆದರೆ 2021ರಲ್ಲಿ ರಾಷ್ಟ್ರೀಯ ಪಟ್ಟಿಯೇ ಬದಲಾಯಿತು. 4,500 ಇದ್ದದ್ದು 9,000 ಆಯಿತು. 3,600 ಇದ್ದದ್ದು 8,500 ಆಯಿತು. ಐಸಿಯು ಖರ್ಚು ರಾತ್ರೋರಾತ್ರಿ ಡಬಲ್ ಆಗಲಿಲ್ಲ. ಹಳೆಯ ದರ ಮೊದಲಿನಿಂದಲೂ ಸಾಲುತ್ತಿರಲಿಲ್ಲ, ಅಷ್ಟೇ.

ಹಾಗಾದರೆ ನಡುವಿನ ಮೂರು ವರ್ಷ ಆ ಕೊರತೆಯನ್ನು ಯಾರು ಹೊತ್ತರು? ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ದರ ಸಾಲದ ಕೇಸ್ ಬಂದಾಗ ಕೌಂಟರಿನಲ್ಲಿ ಹೇಳುವ ಮಾತು ಒಂದೇ: "ಬೆಡ್ ಖಾಲಿ ಇಲ್ಲ." ನಾನೂ ಹೇಳಿದ್ದೇನೆ. ಒಬ್ಬ ಅಜ್ಜಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ತಂದಿದ್ದರು. ನಾನು ಕಾರ್ಡ್ ತೆಗೆದು ನೋಡಲೂ ಇಲ್ಲ. ಅವರು ರಬ್ಬರ್ ಬ್ಯಾಂಡನ್ನು ಮತ್ತೆ ನಿಧಾನಕ್ಕೆ ಸುತ್ತಿಕೊಂಡು ಹೋದರು. ಹಿಂದೆ ಮೂರು ಬೆಡ್ ಖಾಲಿ ಇದ್ದವು. ಇನ್ನು ಕೆಲವು ಕಡೆ "ಇಂಜೆಕ್ಷನ್ ಹೊರಗಿನಿಂದ ತನ್ನಿ" ಅನ್ನುತ್ತಾರೆ. ಯೋಜನೆಯಲ್ಲಿ ರೋಗಿಯ ಹತ್ತಿರ ಹಾಗೆ ಖರ್ಚು ಮಾಡಿಸುವಂತಿಲ್ಲ. ಆದರೂ ನಡೆಯುತ್ತದೆ.

ಆಸ್ಪತ್ರೆಯವರೇನು ಸಾಚಾಗಳಲ್ಲ. ದರ ಜಾಸ್ತಿಯಿದ್ದರೆ ಬೇಡದ ಆಪರೇಷನ್ನೂ ಬೇಕಾಗಿಬಿಡುತ್ತದೆ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟ್‌ಗೆ ಗರಿಷ್ಠ ಬೆಲೆ ಕಟ್ಟಿತು. ಲಕ್ಷ ದಾಟುತ್ತಿದ್ದ ಔಷಧಿ ಲೇಪಿತ ಸ್ಟೆಂಟು 30,000ದೊಳಗೆ ಬಂತು. ಸಾಮಾನು ಅಗ್ಗವಾದಾಗ ಪ್ಯಾಕೇಜೂ ಇಳಿಯಬೇಕು ತಾನೇ? ಆಯುಷ್ಮಾನ್ ಪಟ್ಟಿಯ 2019ರ ಪರಿಷ್ಕರಣೆಯಲ್ಲಿ ಸುಮಾರು 270 ಪ್ಯಾಕೇಜುಗಳ ದರ ಏರಿತು, 57ರದ್ದು ಇಳಿಯಿತು. ನಮ್ಮ ಸಭೆಗಳಲ್ಲಿ ಆ 57ರ ಮಾತನ್ನು ಯಾರೂ ಎತ್ತುವುದಿಲ್ಲ ನೋಡಿ!

ಕೇಂದ್ರ ನೌಕರರ ಆರೋಗ್ಯ ಯೋಜನೆ ಸಿಜಿಎಚ್‌ಎಸ್‌ನ ಕಥೆ ಇನ್ನೂ ಮಜಾ. ಅಲ್ಲಿ ಬಹುಪಾಲು ದರಗಳು 2014ರವೇ ಆಗಿದ್ದವು. ತಜ್ಞರ ಕನ್ಸಲ್ಟೇಶನ್‌ಗೆ 150 ರೂಪಾಯಿ ಇತ್ತು, 2023ರಲ್ಲಿ 350 ಆಯಿತು. ಪೂರ್ತಿ ಪಟ್ಟಿ ಬದಲಾಗಿದ್ದು 2025ರ ಅಕ್ಟೋಬರಿನಲ್ಲಿ. ಹನ್ನೊಂದು ವರ್ಷ!

ಹೊಸ ಪಟ್ಟಿಯಲ್ಲೂ ನನಗೊಂದು ತಕರಾರಿದೆ. ಬೆಂಗಳೂರಿನಂಥ ಊರಿಗೆ ಪೂರ್ತಿ ದರ, ಎರಡನೇ ದರ್ಜೆಯ ಊರಿಗೆ ಶೇಕಡ 10 ಕಡಿಮೆ, ಮೂರನೇ ದರ್ಜೆಗೆ ಶೇಕಡ 20 ಕಡಿಮೆ. ಆಸ್ಪತ್ರೆಯ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆ ಇಲ್ಲದಿದ್ದರೆ ಶೇಕಡ 15ರಷ್ಟು ಕಡಿತ ಬೇರೆ. ಸಣ್ಣ ಊರಿನಲ್ಲಿ ಬಾಡಿಗೆ ಕಡಿಮೆ, ನಿಜ. ಆದರೆ ಆ ಅರಿವಳಿಕೆ ಡಾಕ್ಟರು ನೆನಪಿದ್ದಾರಾ? ಬೆಂಗಳೂರಿನಲ್ಲಿ ಅವರು ಪಕ್ಕದ ಬೀದಿಯಿಂದ ಬರುತ್ತಾರೆ. ನಮ್ಮಲ್ಲಿ ಅರವತ್ತು ಕಿಲೋಮೀಟರ್ ದೂರದಿಂದ ಬರಬೇಕು. ಜಾಗ ಅಗ್ಗವಿದ್ದರೇನು, ತಜ್ಞರು ದುಬಾರಿ. ಆಯುಷ್ಮಾನ್‌ಗಾಗಿ ಚಂಡೀಗಢದ ವೈದ್ಯಕೀಯ ಸಂಸ್ಥೆ ಪಿಜಿಐ ನೇತೃತ್ವದಲ್ಲಿ ಆಸ್ಪತ್ರೆಗಳಿಗೇ ಹೋಗಿ ಸಂಬಳ, ಸಾಮಾನು, ಉಪಕರಣಗಳ ಖರ್ಚನ್ನು ಎಣಿಸಿದರು. ಅದು ಸರಿಯಾದ ದಾರಿ. ಅಂಥ ಎಣಿಕೆಯಲ್ಲಿ ಈ ಕಾರಿನ ಖರ್ಚೂ ಸೇರಬೇಕು.

ಇನ್ನೊಂದು ವಿಷಯ. ದರ ಎಷ್ಟೇ ಇರಲಿ, ಹಣ ಆರು ತಿಂಗಳು ತಡವಾದರೆ ಅದೂ ಒಂದು ಕಡಿತವೇ. ಆರು ತಿಂಗಳ ಬಡ್ಡಿ ನಾವು ಕಟ್ಟಿರುತ್ತೇವೆ. ಪರಿಷ್ಕರಣೆ ಸಮಿತಿಗಳು ಬೆಲೆ ನೋಡುತ್ತವೆ, ಬಾಕಿ ನೋಡುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಎರಡು ವರ್ಷಕ್ಕೊಮ್ಮೆ ಗೊತ್ತಾದ ತಾರೀಕಿಗೆ ದರ ನೋಡಲಿ. ಯಾವ ಲೆಕ್ಕದ ಮೇಲೆ ಆ ದರ ಬಂತು ಅನ್ನುವ ಹಾಳೆಯನ್ನೂ ಪಟ್ಟಿಯ ಜೊತೆಗೇ ಹಾಕಲಿ. ನನ್ನ ಹಳೆಯ ಹಾಳೆ ಇನ್ನೂ ಮನೆಯಲ್ಲಿದೆ, ಪಕ್ಕದಲ್ಲಿಟ್ಟು ನೋಡುತ್ತೇನೆ.

ಪ್ರಶ್ನೆ ಇದ್ದವರು ಕೇಳಿ. ಕಾರ್ಡಿನ ತಾಪತ್ರಯ ಇದ್ದವರು ಟೀ ಹೊತ್ತಿಗೆ ಸಿಗಿ.