ತೆಗೆದ ಫೋಟೊ ಎಲ್ಲಿ ಹೋಯಿತು?

ಕೇಳುಗರೆಲ್ಲರಿಗೂ ನಮಸ್ಕಾರ.

2022ರ ಸೆಪ್ಟೆಂಬರ್ ತಿಂಗಳನ್ನು ಚಿತ್ರದುರ್ಗ ಜಿಲ್ಲೆಯವರು ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ, ಆಗ ಕೋಡಿ ಬಿತ್ತು. ಅದಕ್ಕೆ ಮೊದಲು ಬಿದ್ದದ್ದು 1933ರಲ್ಲಿ. ನಡುವೆ 89 ವರ್ಷ! ಜನ ಜಾತ್ರೆಗೆ ಹೋದ ಹಾಗೆ ಹೋದರು. ಸ್ಟುಡಿಯೋ ಇಟ್ಟುಕೊಂಡವನು ನಾನು, ಹೋಗದಿದ್ದರೆ ಆದೀತೇ? ಕ್ಯಾಮೆರಾ ಹೆಗಲಿಗೇರಿಸಿ ಹೊರಟೆ. ಕೋಡಿಯ ನೀರು, ಕೈ ಮುಗಿದು ನಿಂತ ಅಜ್ಜಿಯರು, ಅಪ್ಪನ ಹೆಗಲ ಮೇಲೆ ಕೂತ ಮಕ್ಕಳು, ಒಂದನ್ನೂ ಬಿಡಲಿಲ್ಲ. ಕ್ಲಿಕ್ಕಿಸಿದಾಗಲೆಲ್ಲ ಹಿಂದಿನ ಪರದೆಯ ಮೇಲೆ ಫೋಟೊ ಮೂಡುತ್ತಿತ್ತು, ಎರಡು ಕ್ಷಣ ನಿಂತು ಮಾಯವಾಗುತ್ತಿತ್ತು. ಎಲ್ಲ ಸರಿಯಾಗಿದೆ ಅಂದುಕೊಂಡೆ.

ರಾತ್ರಿ ಮನೆಗೆ ಬಂದು ಫೋಟೊ ಉಳಿಯುವ ಮೆಮೊರಿ ಕಾರ್ಡ್ ತೆಗೆಯೋಣವೆಂದು ಮುಚ್ಚಳ ತೆರೆದರೆ ಒಳಗೆ ಕಾರ್ಡೇ ಇಲ್ಲ. ಅದು ಹಿಂದಿನ ರಾತ್ರಿ ಕಂಪ್ಯೂಟರಿಗೆ ಸಿಕ್ಕಿಸಿದ್ದು, ಅಲ್ಲೇ ತಣ್ಣಗೆ ಕೂತಿತ್ತು. "ಹೋಗ್ಲಿ ಬಿಡ್ರಿ, ಕಣ್ಣಾರೆ ನೋಡಿದ್ರಲ್ಲ" ಎಂದಳು ನನ್ನಾಕೆ. ಕಣ್ಣಾರೆ ಎಲ್ಲಿ ನೋಡಿದ್ದೆ? ಇಡೀ ಹೊತ್ತು ಒಂದು ಕಣ್ಣು ಮುಚ್ಚಿಕೊಂಡೇ ಇದ್ದೆನಲ್ಲ!

ಕಾರ್ಡ್ ಇಲ್ಲದೆ ಕ್ಯಾಮೆರಾ ಹೇಗೆ ಕ್ಲಿಕ್ಕಿಸಿತು ಎಂದು ನೀವು ಕೇಳಬಹುದು. ಬಹಳಷ್ಟು ಕ್ಯಾಮೆರಾಗಳ ಮೆನುವಿನಲ್ಲಿ ಇದಕ್ಕೆಂದೇ ಒಂದು ಆಯ್ಕೆ ಇರುತ್ತದೆ. ಅದು ಆನ್ ಆಗಿದ್ದರೆ ಕಾರ್ಡ್ ಇರಲಿ, ಇಲ್ಲದಿರಲಿ, ಶಟರ್ ಬಡಿಯುತ್ತದೆ. ಅಂಗಡಿಯವರು ಗಿರಾಕಿಗೆ ಕ್ಯಾಮೆರಾ ತೋರಿಸುವಾಗ ಅನುಕೂಲ. ಕೆಲವು ಕ್ಯಾಮೆರಾಗಳು ಫೋಟೊದ ಮೇಲೆ 'ಡೆಮೊ' ಎಂದು ಬರೆದು ತೋರಿಸುತ್ತವೆ. ಬಿಸಿಲಿನಲ್ಲಿ ಯಾರಿಗೆ ಕಾಣಬೇಕು ಅದು! ಇವತ್ತೇ ನಿಮ್ಮ ಕ್ಯಾಮೆರಾದ ಮೆನು ತೆರೆದು ಅದನ್ನು ಆಫ್ ಮಾಡಿಡಿ. ನಾನು ಮಾಡಿದ್ದೇನೆ. 2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿದ್ದಾಗ, ಮನೆ ಬಿಡುವ ಮೊದಲು ಎರಡೆರಡು ಸಲ ಮುಚ್ಚಳ ತೆರೆದು ನೋಡಿ ಹೋದೆ.

ಪರದೆಯ ಮೇಲೆ ಫೋಟೊ ಕಂಡಿತೆಂದರೆ ಅದು ಉಳಿಯಿತೆಂದು ಅರ್ಥವಲ್ಲ. ನಮ್ಮ ಕಡೆ ಮೆಕ್ಕೆಜೋಳ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ರಾಶಿ ಬಿದ್ದಿರುವುದು ಒಂದು, ಅದು ಮೂಟೆಯಾಗಿ ಮನೆ ಸೇರುವುದು ಇನ್ನೊಂದು. ನಡುವೆ ಮಳೆ ಬಂದರೆ ಮುಗಿಯಿತು. ಕ್ಯಾಮೆರಾದಲ್ಲೂ ಬೆಳಕು ಮೊದಲು ಅದನ್ನು ಹಿಡಿಯುವ ಸೆನ್ಸರ್ ಮೇಲೆ ಬೀಳುತ್ತದೆ. ಅಲ್ಲಿಂದ ಚಿತ್ರ ಬಫರ್ ಎಂಬ ತಾತ್ಕಾಲಿಕ ಜಾಗಕ್ಕೆ ಬರುತ್ತದೆ. ನೀವು ಪರದೆಯಲ್ಲಿ ನೋಡುವುದು ಕಣದಲ್ಲಿರುವ ಈ ರಾಶಿಯನ್ನು. ಕಾರ್ಡಿಗೆ ಬರೆಯುವ ಕೆಲಸ ಆಮೇಲಿನದು, ಅದು ನಡೆಯುವಷ್ಟು ಹೊತ್ತು ಕ್ಯಾಮೆರಾದ ಮೇಲೆ ಒಂದು ಸಣ್ಣ ದೀಪ ಮಿಣುಕುತ್ತದೆ. ಆ ದೀಪ ಮಿಣುಕುವಾಗ ಮುಚ್ಚಳ ತೆರೆಯುವುದು, ಬ್ಯಾಟರಿ ಕೀಳುವುದು ಎರಡೂ ಬೇಡ. ಬರೆಯುತ್ತಿದ್ದ ಫೋಟೊ ಒಂದೇ ಅಲ್ಲ, ಕೆಲವು ಸಲ ಯಾವ ಫೋಟೊ ಎಲ್ಲಿದೆ ಎಂದು ಬರೆದಿಟ್ಟ ಕಾರ್ಡಿನ ಇಡೀ ಲೆಕ್ಕಪುಸ್ತಕವೇ ಕೆಡುತ್ತದೆ. ಬ್ಯಾಟರಿ ಕೊನೆಯ ಗೆರೆಗೆ ಬಂದಿದ್ದರೂ ಇದೇ ಅಪಾಯ.

ಫಿಲ್ಮ್ ರೀಲ್ ಕಾಲದಲ್ಲೂ ಈ ಕಷ್ಟ ಇತ್ತು. ರೀಲಿನ ತುದಿ ಕ್ಯಾಮೆರಾದೊಳಗಿನ ಚಕ್ರದ ಹಲ್ಲಿಗೆ ಸರಿಯಾಗಿ ಕಚ್ಚದಿದ್ದರೂ ರೀಲನ್ನು ಮುಂದಕ್ಕೆ ಎಳೆಯುವ ಲಿವರ್ ತಿರುಗುತ್ತಿತ್ತು, ಶಟರ್ ಬಡಿಯುತ್ತಿತ್ತು, ಲೆಕ್ಕದ ಮುಳ್ಳೂ ಓಡುತ್ತಿತ್ತು. 36 ಫೋಟೊದ ರೀಲಿನಲ್ಲಿ ಮುಳ್ಳು 36 ದಾಟಿ ಮುಂದಕ್ಕೆ ಹೋದಾಗ ಎದೆ ಧಸಕ್ಕೆನ್ನುತ್ತಿತ್ತು. ಆಗ ಅನುಭವಿಗಳು ಲಿವರ್ ಎಳೆಯುವಾಗ ಎಡಗಡೆಯ, ರೀಲನ್ನು ಹಿಂದಕ್ಕೆ ಸುತ್ತುವ ರಿವೈಂಡ್ ಗುಂಡಿ ತಿರುಗುತ್ತಿದೆಯೇ ಎಂದು ನೋಡುತ್ತಿದ್ದರು. ಈಗ ಆ ಗುಂಡಿಯ ಬದಲು, ತೆಗೆದ ಫೋಟೊ ತೋರಿಸುವ ಪ್ಲೇ ಬಟನ್ ಇದೆ. ಮೊದಲ ಫೋಟೊ ತೆಗೆದು, ಕ್ಯಾಮೆರಾ ಒಮ್ಮೆ ಆಫ್ ಮಾಡಿ, ಮತ್ತೆ ಆನ್ ಮಾಡಿ ಪ್ಲೇ ಒತ್ತಿ. ಫೋಟೊ ಬಂದರೆ ಕಾರ್ಡಿನಲ್ಲಿದೆ. ಪುಟ್ಟ ಕ್ಯಾಮೆರಾ ಆದರೆ ಕಾರ್ಡ್ ಇದೆಯೋ ಇಲ್ಲವೋ ಅದನ್ನೂ ನೋಡಿ, ಯಾಕೆಂದರೆ ಅವುಗಳಲ್ಲಿ ಕೆಲವಕ್ಕೆ ಒಳಗೇ ಒಂದಿಷ್ಟು ಜಾಗ ಇರುತ್ತದೆ. ಕಾರ್ಡ್ ಇಲ್ಲದಾಗ ತೆಗೆದ ನಾಲ್ಕಾರು ಫೋಟೊ ಅಲ್ಲಿ ಕೂರುತ್ತವೆ. ಆಮೇಲೆ ಕಾರ್ಡ್ ಹಾಕಿದರೆ ಅವು ಕಾಣುವುದಿಲ್ಲ. ಕಾರ್ಡ್ ತೆಗೆದು ನೋಡಿ, ಪ್ರತ್ಯಕ್ಷ!

ಇನ್ನು ನನ್ನ ಅಂಗಡಿಗೆ ಅತಿ ಹೆಚ್ಚು ಬರುವ ದೂರಿನ ವಿಷಯ. ಒಮ್ಮೆ ಚಳ್ಳಕೆರೆ ಕಡೆಯ ಹುಡುಗನೊಬ್ಬ ಓಡಿ ಬಂದ. "ಅಣ್ಣಾ, ಕ್ಯಾಮೆರಾ ಕೆಟ್ಟೈತೆ. ಏನೋ ಇಂಗ್ಲಿಷಲ್ಲಿ ಬರ್ತೈತೆ, ಫೋಟೊನೇ ತೆಗಿಯಂಗಿಲ್ಲ ಅಂತೈತೆ. ಸಂಜೀಕೆ ಅಕ್ಕನ ಸೀಮಂತ!" ಕಾರ್ಡ್ ಹೊರಗೆ ತೆಗೆದೆ. ಎಸ್‌ಡಿ ಕಾರ್ಡಿನ ಹೆಸರಿರುವ ಬದಿ ನಿಮ್ಮ ಕಡೆಗಿದ್ದು, ಓರೆಯಾಗಿ ಕತ್ತರಿಸಿದ ಮೂಲೆ ಮೇಲೆ ಬಲಕ್ಕೆ ಬರುವಂತೆ ಹಿಡಿದರೆ, ಎಡ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಒಂದು ಗುಂಡಿ ಕಾಣುತ್ತದೆ. ಅದು ಮೇಲಿದ್ದರೆ ಬರೆಯಬಹುದು, ಕೆಳಗಿದ್ದರೆ ಬೀಗ. ಕಾರ್ಡನ್ನು ಸ್ಲಾಟಿಗೆ ತುರುಕುವಾಗ ಎಷ್ಟೋ ಸಲ ತಾನಾಗಿಯೇ ಕೆಳಗೆ ಸರಿದುಬಿಡುತ್ತದೆ. ಉಗುರಿನಿಂದ ಮೇಲಕ್ಕೆ ತಳ್ಳಿ ಕೊಟ್ಟೆ. "ಎಷ್ಟಾತಣ್ಣ?" ಎಂದ. ಒಂದು ಟೀ ಕುಡಿಸು ಎಂದೆ.

ಆ ಗುಂಡಿಗೂ ಕಾರ್ಡಿನ ಒಳಗಿನ ಚಿಪ್‌ಗೂ ಯಾವ ಸಂಬಂಧವೂ ಇಲ್ಲ. ಅದು ಬರೀ ಪ್ಲಾಸ್ಟಿಕ್ ಚೂರು, ಅದು ಎಲ್ಲಿದೆ ಎಂದು ಕ್ಯಾಮೆರಾದ ಸ್ಲಾಟ್ ತಡವಿ ನೋಡುತ್ತದೆ, ಅಷ್ಟೆ. ಹಳೆಯ ಕಾರ್ಡಿನಲ್ಲಿ ಆ ಚೂರು ಬಿದ್ದೇ ಹೋಗಿರುತ್ತದೆ, ಆಗ ಬೀಗ ಹಾಕಿದ ಹಾಗೇ. ಅಲ್ಲಿಗೆ ಸೆಲ್ಲೋಟೇಪ್ ಅಂಟಿಸಿ ಕೆಲಸ ಸಾಗಿಸುವವರಿದ್ದಾರೆ. ಸಾಗುತ್ತದೆ ಕೂಡ. ಆದರೆ ಟೇಪ್ ಕ್ಯಾಮೆರಾದೊಳಗೆ ಸುರುಳಿಯಾಗಿ ಕಾರ್ಡ್ ಸಿಕ್ಕಿಕೊಂಡರೆ ಚಿಮಟ ಹಿಡಿದು ಕೂರುವವನು ನಾನು. ಫೋಟೊ ಕಾಪಿ ಮಾಡಿಕೊಂಡು ಹೊಸ ಕಾರ್ಡ್ ತಗೊಳ್ಳಿ.

ಹಳೆಯ ಕ್ಯಾಮೆರಾ, ಹೊಸ ಕಾರ್ಡ್, ಇದೊಂದು ಬೇರೆ ಜಗಳ. ಮಾವ ದುಬೈಯಿಂದ ತಂದುಕೊಟ್ಟ 2005ರ ಕ್ಯಾಮೆರಾ ಬೀರುವಿನಲ್ಲಿ ಸಿಕ್ಕಿತೆಂದು ಅದಕ್ಕೆ 32 ಜಿಬಿ ಕಾರ್ಡ್ ಹಾಕುತ್ತೀರಿ. ಅದೇ ಕಾರ್ಡ್ ಕಂಪ್ಯೂಟರಿನಲ್ಲಿ ಸರಿಯಾಗಿ ತೆರೆಯುತ್ತದೆ, ಕ್ಯಾಮೆರಾ ಮಾತ್ರ ಒಲ್ಲೆ ಎನ್ನುತ್ತದೆ, ಫಾರ್ಮ್ಯಾಟ್ ಮಾಡಲೂ, ಅಂದರೆ ಕಾರ್ಡನ್ನು ಖಾಲಿ ಮಾಡಿ ಹೊಸದಾಗಿ ಸಜ್ಜುಗೊಳಿಸಲೂ, ಬಿಡುವುದಿಲ್ಲ. ಇಬ್ಬರದೂ ತಪ್ಪಿಲ್ಲ. ಸಾದಾ ಎಸ್‌ಡಿ ಕಾರ್ಡ್ 2 ಜಿಬಿವರೆಗೆ. ಅದರಿಂದಾಚೆ 32ರವರೆಗೆ ಎಸ್‌ಡಿಎಚ್‌ಸಿ, ಅದು ಬಂದದ್ದೇ 2006ರಲ್ಲಿ. 32 ದಾಟಿದರೆ ಎಸ್‌ಡಿಎಕ್ಸ್‌ಸಿ. ಹೊಸ ಕ್ಯಾಮೆರಾ ಹಳೆಯ ಕಾರ್ಡನ್ನು ಓದುತ್ತದೆ, ಹಳೆಯ ಕ್ಯಾಮೆರಾಕ್ಕೆ ಹೊಸ ಕಾರ್ಡಿನ ಭಾಷೆ ಬಾರದು. 2 ಜಿಬಿ ಕಾರ್ಡ್ ಬೇಕಾದರೆ ಹಳೆಯ ಸ್ಟುಡಿಯೋದವರ ಡ್ರಾಯರ್ ಕೇಳಿ ನೋಡಿ.

ಎಲ್ಲಕ್ಕಿಂತ ಕೆಟ್ಟದ್ದು ನಕಲಿ ಕಾರ್ಡ್. ಮೇಲೆ 128 ಎಂದು ಬರೆದಿರುತ್ತದೆ, ಒಳಗೆ ಇರುವುದು 8. ಕಂಪ್ಯೂಟರಿಗೆ ಹಾಕಿದರೂ 128 ಎಂದೇ ಸುಳ್ಳು ಹೇಳುವ ಹಾಗೆ ಅದನ್ನು ತಯಾರಿಸಿರುತ್ತಾರೆ. ಮೊದಲ 8 ಜಿಬಿ ತುಂಬುವವರೆಗೆ ಅದರಷ್ಟು ಸಾಧು ಇನ್ನೊಂದಿಲ್ಲ. ದೇವರ ಕಾರ್ಯ, ಅರಿಶಿನ ಎಲ್ಲ ಬರುತ್ತದೆ. ಮುಹೂರ್ತದ ಹೊತ್ತಿಗೆ ಮೋಸ ಶುರು. ಫೈಲಿನ ಹೆಸರು ಇರುತ್ತದೆ, ತೆರೆದರೆ ಅರ್ಧ ಮದುಮಗ, ಇನ್ನರ್ಧ ಬೂದಿ ಬಣ್ಣ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಕಾರ್ಡನ್ನು ಪೂರ್ತಿ ತುಂಬಿಸಿ, ತುಂಬಿಸಿದ್ದನ್ನು ಮತ್ತೆ ಓದಿ, ನಿಜವಾದ ಅಳತೆ ಹೇಳುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಹೊಸ ಕಾರ್ಡ್ ಎಷ್ಟೇ ದೊಡ್ಡ ಅಂಗಡಿಯದಾದರೂ ಈ ಪರೀಕ್ಷೆ ಮಾಡದೆ ನಾನು ಮದುವೆಗೆ ಒಯ್ಯುವುದಿಲ್ಲ.

ಕೋಟೆ ಹತ್ತಿ ಬಂದವರ ಕ್ಯಾಮೆರಾದಲ್ಲಿ ದೂಳು ಇದ್ದೇ ಇರುತ್ತದೆ. ಕಾರ್ಡಿನ ಹಿಂದಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ, ಬಾಯಿಂದ ಊದಬೇಡಿ, ಎಂಜಲು ಹೋಗುತ್ತದೆ. ಮೊಬೈಲಿನ ಪುಟ್ಟ ಕಾರ್ಡನ್ನು ಅಡಾಪ್ಟರಿನಲ್ಲಿ ಹಾಕಿ ಬಳಸುವವರು ಮೊದಲು ಅಡಾಪ್ಟರ್ ಬದಲಿಸಿ ನೋಡಿ. ಅಪರೂಪಕ್ಕೆ ಇನ್ನೊಂದು ಆಗುತ್ತದೆ: ಫೋಟೊ ಹೆಸರಿನ ಸಂಖ್ಯೆ 9999ಕ್ಕೆ, ಫೋಲ್ಡರ್ ಸಂಖ್ಯೆ 999ಕ್ಕೆ ಮುಟ್ಟಿದರೆ, ಜಾಗ ಇದ್ದರೂ ಕ್ಯಾಮೆರಾ ನಿಂತುಬಿಡುತ್ತದೆ. ಕಾಪಿ ಮಾಡಿ, ಫಾರ್ಮ್ಯಾಟ್ ಮಾಡಿ, ಮೆನುವಿನಲ್ಲಿ ಸಂಖ್ಯೆಯನ್ನು ಮೊದಲಿನಿಂದ ಶುರು ಮಾಡಿಸಿದರೆ ಆಯಿತು.

ಉಳಿಸಿದ್ದ ಫೋಟೊನೇ ಹೋಗಿದ್ದರೆ? ಆ ಕಾರ್ಡಿನಲ್ಲಿ ಇನ್ನೊಂದು ಕ್ಲಿಕ್ ಕೂಡ ಬೇಡ. ಅಳಿಸಿದಾಗಲೂ ಫಾರ್ಮ್ಯಾಟ್ ಮಾಡಿದಾಗಲೂ ಸಾಮಾನ್ಯವಾಗಿ ಅಳಿಯುವುದು ಲೆಕ್ಕಪುಸ್ತಕದ ಹೆಸರು, ಫೋಟೊ ಅಲ್ಲೇ ಇರುತ್ತದೆ, ಅದರ ಮೇಲೆ ಹೊಸದು ಬರೆಯುವವರೆಗೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶದಿಂದ ಹಲವು ಮನೆಗಳ ಫೋಟೊ ತೆಗೆದುಕೊಟ್ಟಿದ್ದೇನೆ. ಹೋದ ವರ್ಷ ಒಬ್ಬರು ಮಗುವಿನ ನಾಮಕರಣದ ಕಾರ್ಡ್ ತಂದರು. ಹುಡುಗರು ಆಟವಾಡುತ್ತಾ ಫಾರ್ಮ್ಯಾಟ್ ಒತ್ತಿದ್ದರು. ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ನೋಡಿದರೆ ತೊಟ್ಟಿಲು, ಮಗು, ಸೋದರತ್ತೆ ಕಿವಿಯಲ್ಲಿ ಹೆಸರು ಕೂಗಿದ್ದು ಎಲ್ಲ ಬಂದಿತ್ತು. ಜೊತೆಗೆ ಯಾವುದೋ ಗುರುತಿಲ್ಲದ ಮದುವೆಯ 200 ಫೋಟೊ. "ಇವರು ನಮ್ಮೋರಲ್ಲ ಸಾರ್" ಎಂದರು ಅವರು, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಕಾರ್ಡ್ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದೆ" ಎಂದರು. ಮಾರಿದವರನ್ನು ಹುಡುಕಿ ಆ ಫೋಟೊಗಳನ್ನೂ ಒಂದು ಪೆನ್ ಡ್ರೈವಿಗೆ ಹಾಕಿ ಕಳಿಸಿದೆವು. ತಮ್ಮ ಮದುವೆಯ ಫೋಟೊ ಕಳೆದುಹೋಗಿವೆ ಎಂಬುದೇ ಆ ದಂಪತಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲವಂತೆ.

ನಮಸ್ಕಾರ.